ಸಂಡೂರಿನ ಗರಸು ದಾರಿಗೆ ಬಾ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಗರಸು, ಮಣ್ಣಿನ ದಾರಿಯಲ್ಲೂ ಓಡುವ ಗ್ರಾವೆಲ್ ಸೈಕಲ್ ತಗೊಂಡೆ ಅಂತ ತಿಳಿದು ಭಾಳ ಖುಷಿಯಾಯಿತು. ಫೋಟೋನೂ ನೋಡಿದೆ, ದಪ್ಪ ಟೈರು, ಬಾಗಿದ ಹ್ಯಾಂಡಲ್, ಒಳ್ಳೆ ಗಟ್ಟಿಮುಟ್ಟಾಗಿದೆ. "ಬಳ್ಳಾರಿ ಕಡೆ ಇದನ್ನ ಎಲ್ಲಿ ಓಡಿಸೋದಪ್ಪ, ಬಿಸಿಲು, ಧೂಳು, ಲಾರಿ ಬಿಟ್ಟರೆ ಏನೈತಿ" ಅಂತ ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ನಿನ್ನ ಹಾಗೆ ಊರು ಬಿಟ್ಟು ಹೋದವರು ಇನ್ನೂ ಎಷ್ಟೋ ಜನ ಇದನ್ನೇ ಕೇಳುತ್ತಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಸಂಡೂರಿಗೆ ಬಾ. ನೀನು ಸಂಡೂರು ನೋಡಿಲ್ಲ ಅಂತಲ್ಲ, ಬಸ್ಸಿನಲ್ಲಿ ಕೂತು ನೋಡಿದ್ದೀಯ. ಸೈಕಲ್ ಮೇಲಿಂದ ಕಾಣುವ ಸಂಡೂರು ಬೇರೆ. ಎರಡು ಉದ್ದನೆಯ ಬೆಟ್ಟಸಾಲುಗಳ ನಡುವೆ ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಊರು, ಹೊಲ, ತಾಂಡಾ. ನಾರಿಹಳ್ಳ ಆ ಎರಡೂ ಗೋಡೆಗಳನ್ನು ಕೊರೆದುಕೊಂಡು ಹರಿಯುತ್ತದೆ. ಒಂದು ಕಡೆ ಓಬಳಗಂಡಿ, ಇನ್ನೊಂದು ಕಡೆ ಭೀಮಗಂಡಿ. ಅಲ್ಲಿಂದ ಮುಂದಕ್ಕೆ ಇದೇ ನೀರು ದರೋಜಿ ಕೆರೆಯ ಕಡೆ ಇಳಿಯುತ್ತದೆ. ತಾರಾನಗರದ ಹತ್ತಿರ ಹಳ್ಳಕ್ಕೆ ಕಟ್ಟಿದ ಜಲಾಶಯ ಇದೆ. ತುಂಗಭದ್ರೆಯ ಟಿಬಿ ಡ್ಯಾಂ ಮುಂದೆ ಅದು ಪುಟ್ಟದು. ಆದರೆ ಮಳೆಗಾಲ ಚೆನ್ನಾಗಿ ಆದ ವರ್ಷ ಹಸಿರು ಬೆಟ್ಟ ಆ ನೀರಿನ ತನಕ ಇಳಿದು ಬಂದಿರುತ್ತದೆ. ಬಳ್ಳಾರಿಯ ಬೋಳುಗುಡ್ಡದ ಕೆಳಗೆ ಬೆಳೆದ ನಮಗೆ ಇದು ನಮ್ಮ ಜಿಲ್ಲೆಯೇ ಅಂತ ನಂಬುವುದು ಕಷ್ಟ.

ಹೋಗುವ ದಾರಿ ಮಾತ್ರ ಸೈಕಲ್‌ಗಲ್ಲ. ಇದನ್ನು ಒತ್ತಿ ಹೇಳುತ್ತೇನೆ. ತೋರಣಗಲ್ಲಿನಿಂದ ಸಂಡೂರಿಗೆ ಬರುವ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು. ಬದಿಯಲ್ಲಿ ಇಳಿಯಲು ಜಾಗವಿಲ್ಲ, ಹಿಂದೆ ಬಂದವನಿಗೆ ಧೂಳಿನಲ್ಲಿ ನೀನು ಕಾಣುವುದೂ ಇಲ್ಲ. ಶೂರತನ ತೋರಿಸುವ ಜಾಗ ಅಲ್ಲ ಅದು. ಬಳ್ಳಾರಿಯಿಂದ ಗಾಡಿಯ ಮೇಲೆ ಸೈಕಲ್ ಕಟ್ಟಿಕೊಂಡು ಬೆಳಗಾಗುವ ಮುಂಚೆ ಹೊರಡೋಣ. ಸಂಡೂರು ಬಸ್ ಸ್ಟ್ಯಾಂಡ್ ಕಡೆ ಬಿಸಿ ಒಗ್ಗರಣೆ, ಮಿರ್ಚಿ ತಿಂದು ಅಲ್ಲಿಂದ ಪೆಡಲ್ ತುಳಿಯಲು ಶುರುಮಾಡೋಣ.

ಹೊಲಗಳ ನಡುವೆ ಬಂಡಿದಾರಿಗಳಿವೆ ನೋಡು, ನಾನು ಹೇಳುತ್ತಿರುವುದು ಅವು. ಎತ್ತಿನ ಬಂಡಿ ಕಡಿಮೆಯಾಗಿ ಈಗ ಟ್ರ್ಯಾಕ್ಟರ್ ಓಡಾಡುತ್ತದೆ, ಅದೂ ಬಿತ್ತನೆ, ಸುಗ್ಗಿ ಹೊತ್ತಿನಲ್ಲಿ ಮಾತ್ರ. ಬಾಕಿ ದಿನ ಕುರಿಮಂದೆ, ಒಂದೆರಡು ಬೈಕು, ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸರು. ದಾರಿಯಲ್ಲಿ ಗಾಲಿ ಸವೆಸಿದ ಎರಡು ಗೆರೆ, ನಡುವೆ ಹುಲ್ಲು. ಗೆರೆಯ ಮೇಲೆ ಗರಸು ಗಟ್ಟಿಯಾಗಿ ಕೂತಿರುತ್ತದೆ, ಸೈಕಲ್ ಸರಾಗವಾಗಿ ಹೋಗುತ್ತದೆ. ಒಂದು ಗೆರೆಯಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಹುಷಾರು, ನಡುವಿನ ಹುಲ್ಲಿನಲ್ಲಿ ಕಲ್ಲು ಅಡಗಿರುತ್ತವೆ. ಜಲಾಶಯದ ಹಿನ್ನೀರಿನ ಬದಿಗೆ ಬಂದರೆ ದಾರಿ ನೀರಿನ ಮಟ್ಟ ನೋಡಿಕೊಂಡು ಜಾಗ ಬದಲಿಸುತ್ತದೆ. ನೀರು ಇಳಿದಾಗ ಬಿಟ್ಟುಹೋದ ಮೆಕ್ಕಲು ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಅದರ ಮೇಲೆ ಹೋಗಬೇಡ, ಗಾಲಿ ರಿಮ್ಮಿನವರೆಗೆ ಹೂತುಹೋಗುತ್ತದೆ. ಕುರಿಗಳ ಹೆಜ್ಜೆ ಎಲ್ಲಿವೆ ನೋಡು, ಕುರಿಗಾಹಿ ನಡೆದ ಕಡೆ ನೆಲ ಗಟ್ಟಿ.

ನೆಲದ ವಿಷಯ ಬಂದಿತಲ್ಲ, ಇದರಲ್ಲೇ ನಮ್ಮ ಸೀಮೆಯ ಸೈಕಲ್ ವಿದ್ಯೆ ಎಲ್ಲ ಇದೆ ಅಂತ ನನ್ನ ನಂಬಿಕೆ. ಬಳ್ಳಾರಿ ಸುತ್ತ ಎರೆ ಭೂಮಿ. ಬೇಸಿಗೆಯಲ್ಲಿ ಕಲ್ಲಿನ ಹಾಗಿರುತ್ತದೆ, ನಾಲ್ಕು ಹನಿ ಬಿದ್ದರೆ ಮುಗಿಯಿತು. ಎರೆಮಣ್ಣು ಟೈರಿಗೆ ಹತ್ತಿಕೊಂಡು, ಅದರ ಮೇಲೆ ಇನ್ನೊಂದು ಪದರ ಹತ್ತಿ, ಜತೆಗೆ ಹುಲ್ಲುಕಡ್ಡಿಯನ್ನೂ ಸುತ್ತಿಕೊಂಡು ಫೋರ್ಕಿನ ಸಂದಿಯಲ್ಲಿ ಗಡಿಗೆ ಗಾತ್ರದ ಗಡ್ಡೆಯಾಗುತ್ತದೆ. ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಕಡ್ಡಿ ತಗೊಂಡು ಕೆರೆಯುವುದು, ಹತ್ತು ಮಾರು ಹೋಗುವುದು, ಮತ್ತೆ ಕೆರೆಯುವುದು. ಜೋರಾಗಿ ತುಳಿದರೆ ಗೇರು ಬದಲಿಸುವ ಡಿರೇಲರ್ ಮುರಿಯುತ್ತದೆ. ಮಳೆ ಬಂದ ಮರುದಿನ ಎರೆಹೊಲದ ದಾರಿ ಹಿಡಿಯಲೇಬಾರದು. ಸಂಡೂರಿನ ಬೆಟ್ಟದ ಬುಡದಲ್ಲಿ ಹಾಗಲ್ಲ, ಅಲ್ಲಿ ಕೆಂಪು ಗರಸು, ಕಬ್ಬಿಣದ ಅದಿರಿನ ಚೂರು ಬೆರೆತದ್ದು. ನೀರು ಬಸಿದುಹೋಗುತ್ತದೆ. ರಾತ್ರಿ ಮಳೆ ಬಂದಿದ್ದರೂ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಓಡಿಸಬಹುದು, ಧೂಳೂ ಅಡಗಿರುತ್ತದೆ. ಆ ಕೆಂಪು ಧೂಳು ಮಾತ್ರ ಚೈನಿಗೆ ಕೆಟ್ಟದ್ದು. ಎಣ್ಣೆ ಜಾಸ್ತಿ ಹಾಕಿದರೆ ಧೂಳೆಲ್ಲ ಅದಕ್ಕೇ ಅಂಟಿ ಹಲ್ಲುಗಳನ್ನು ಅರದ ಹಾಗೆ ತಿನ್ನುತ್ತದೆ. ಮೇಣದ ಡ್ರೈ ಲ್ಯೂಬ್ ಹಾಕು, ಮನೆಗೆ ಬಂದ ಕೂಡಲೇ ಬಟ್ಟೆಯಲ್ಲಿ ಒರೆಸು.

ಇನ್ನು ಮುಳ್ಳು. ಬಳ್ಳಾರಿ ಜಾಲಿಯ ಬಗ್ಗೆ ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೆರೆಯಂಗಳ, ಹಳ್ಳದ ದಂಡೆ, ಬೀಳುಬಿದ್ದ ಹೊಲ, ಎಲ್ಲ ಕಡೆ ಅದೇ. ಸೌದೆಗೆ ಕಡಿದ ಕೊಂಬೆಗಳನ್ನು ಎಳೆದುಕೊಂಡು ಹೋದ ದಾರಿಯಲ್ಲಿ ಮುಳ್ಳು ಉದುರಿ ಮಣ್ಣಿನ ಬಣ್ಣಕ್ಕೇ ತಿರುಗಿರುತ್ತವೆ. ನಿನ್ನ ಟೈರು 40 ಮಿ.ಮೀ. ಅಂತ ಹೇಳಿದ್ದೆ, ಸಾಕು. ಒಳಗೆ ಟ್ಯೂಬ್ ಇಲ್ಲದ ಹಾಗೆ ಟ್ಯೂಬ್‌ಲೆಸ್ ಮಾಡಿಸಿ, ತೂತನ್ನು ತಾನೇ ಮುಚ್ಚುವ ಸೀಲಂಟ್ ದ್ರವ ಹಾಕಿಸಿಕೋ. ನಮ್ಮ ಸೆಕೆಗೆ ಸೀಲಂಟ್ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆಯಾದರೂ ತೆಗೆದು ನೋಡಬೇಕು. ಗಾಳಿ 35 ಪಿಎಸ್‌ಐ ಆಸುಪಾಸು ಇಟ್ಟು ಶುರುಮಾಡು, ರಿಮ್ಮಿಗೆ ಕಲ್ಲು ಬಡಿದರೆ ಸ್ವಲ್ಪ ಏರಿಸು. ಟ್ಯೂಬ್ ಹಾಕುವ ಪ್ರಸಂಗ ಬಂದರೆ, ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸು, ಮೆಲ್ಲಗೆ. ಜಾಲಿಮುಳ್ಳು ಹೊರಗೆ ಮುರಿದು ತುದಿ ಒಳಗೇ ಉಳಿದಿರುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ.

ಅಭ್ಯಾಸಕ್ಕೆ ಬೇಕಾದರೆ ಮೊದಲ ದಿನ ಎಚ್‌ಎಲ್‌ಸಿ, ಅಂದರೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ಏರಿಯ ಮೇಲೆ ಹೋಗೋಣ. ಸಪಾಟು ದಾರಿ. ಹೊಸ ಸೈಕಲ್‌ನ ಗೇರು, ಬ್ರೇಕು ಕೈಗೆ ಹೊಂದಲು ಅಷ್ಟೇ ಸಾಕು.

ಬೆಟ್ಟ ಹತ್ತುವುದಾದರೆ ಕುಮಾರಸ್ವಾಮಿ ಗುಡಿಯ ಕಡೆಯ ದಾರಿ ಇದೆ. ಡಾಂಬರು ರಸ್ತೆಯೇ, ಆದರೂ ಬಿಡಬಾರದ್ದು. ಎರಡೂ ಬದಿ ಕಾಡು, ದಾರಿಯ ಹತ್ತಿರ ಹರಿಶಂಕರ ತೀರ್ಥ. ಆ ತಣ್ಣೀರಿನಲ್ಲಿ ಮುಖ ತೊಳೆದ ಮೇಲೆ ಕಾಲಿಗೆ ಹೊಸ ಶಕ್ತಿ ಬರುತ್ತದೆ. ಪಾರ್ವತಿ, ಕುಮಾರಸ್ವಾಮಿ ಗುಡಿಗಳು ಸಾವಿರ ವರ್ಷಕ್ಕೂ ಹಳೆಯವು. ಇನ್ನೊಂದು ಕಡೆ ರಾಮಗಡ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನ ಸೈನಿಕರು ಆರೋಗ್ಯ ಸುಧಾರಿಸಿಕೊಳ್ಳಲು ಹೋಗುತ್ತಿದ್ದ ಗಿರಿಧಾಮ, ಈಗ ಪಾಳುಗೋಡೆಗಳು. ಮುಖ್ಯ ರಸ್ತೆ ಬಿಟ್ಟು ಕಾಡಿನ ಒಳದಾರಿಗಳಿಗೆ ಇಳಿಯುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಅನುಮತಿ ಪಡೆಯಲೇಬೇಕು. ಸುಮ್ಮನೆ ನುಗ್ಗುವುದು ತಪ್ಪು, ಅಪಾಯವೂ ಹೌದು. ಕರಡಿ, ಚಿರತೆ ಇರುವ ಕಾಡು ಅದು. ಸೀತಾಫಲ ಹಣ್ಣಾಗುವ ಕಾಲದಲ್ಲಿ ಕರಡಿಗೂ ಅದರ ಮೇಲೆಯೇ ಕಣ್ಣು. ಬಿಸಿಲೇರಿದ ಮೇಲೆ ಒಳಗೆ ಹೋಗಿ, ಸಂಜೆಯಾಗುವ ಮುಂಚೆ ಹೊರಗೆ ಬಂದುಬಿಡಬೇಕು. ತಿರುವುಗಳಲ್ಲಿ ಗಂಟೆ ಬಾರಿಸುತ್ತಾ, ಮಾತಾಡುತ್ತಾ ಹೋಗೋಣ. ಇಳಿಜಾರಿನಲ್ಲಿ ಸಡಿಲ ಗರಸು ಸಿಕ್ಕರೆ ಮೈಭಾರ ಹಿಂದಕ್ಕೆ ಹಾಕು, ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡ.

ಈ ಬೆಟ್ಟಗಳನ್ನು ಹೊರಗಿನವರು ಗಣಿಯ ಹೆಸರಲ್ಲೇ ಗುರುತಿಸುತ್ತಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ನಮ್ಮ ರಸ್ತೆಗಳು ಹೇಗೆ ಒಮ್ಮೆಲೇ ಖಾಲಿಯಾದವು, ನಿನಗೂ ನೆನಪಿದೆ. ಆಮೇಲೆ ನಿಯಮ, ಮಿತಿ ಹಾಕಿ ಮತ್ತೆ ಶುರುವಾಯಿತು. 2024ರಲ್ಲಿ ದೇವದಾರಿ ಬೆಟ್ಟದ ಕಾಡಿನಲ್ಲಿ ಅದಿರು ತೆಗೆಯುವ ಯೋಜನೆಗೆ ಜನ ವಿರೋಧ ಮಾಡಿದರು. ಗಣಿಯ ಕೂಲಿಯಿಂದಲೇ ಒಲೆ ಹೊತ್ತಿಸುವ ಮನೆಗಳು ಸಂಡೂರಿನಲ್ಲಿ ಎಷ್ಟಿವೆ ಅಂತ ನನಗೆ ಗೊತ್ತು, ಅವರ ಹೊಟ್ಟೆಯ ಮೇಲೆ ಕಲ್ಲು ಹಾಕುವ ಮಾತು ನಾನು ಆಡುವುದಿಲ್ಲ. ಆದರೆ ಉಳಿದಿರುವ ಕಾಡು ಉಳಿಯಬೇಕು. ಸೈಕಲ್ ಮೇಲೆ ನಿಧಾನಕ್ಕೆ ಹೋಗುವವನಿಗೆ ಕಡಿದ ಬೆಟ್ಟ ಯಾವುದು, ಕಡಿಯದ ಬೆಟ್ಟ ಯಾವುದು, ಎಲ್ಲಿ ಹಳ್ಳ ಕೆಂಪಗೆ ಹರಿಯುತ್ತದೆ, ಎಲ್ಲಿ ತಿಳಿಯಾಗಿದೆ, ಎಲ್ಲ ಕಾಣುತ್ತದೆ. ಹಾಗೆ ನೋಡುವ ಜನ ಹೆಚ್ಚಬೇಕು ಅನ್ನುವುದೇ ನನ್ನ ಆಸೆ.

ಇನ್ನೊಂದು ಆಸೆ ಹೇಳುತ್ತೇನೆ. ತಾಂಡಾಗಳಿಗೆ, ಹಳ್ಳಿಗಳಿಗೆ ಡಾಂಬರು ರಸ್ತೆ ಬೇಕೇ ಬೇಕು, ಬಸುರಿಯನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸಾಗಿಸುವವರಿಗೆ ಅದರ ಬೆಲೆ ಗೊತ್ತು. ಹಿನ್ನೀರಿನ ದಂಡೆಯ ಬಂಡಿದಾರಿಗೆ ಮಾತ್ರ ಡಾಂಬರು ಬೇಡ. ಅದು ಗರಸಾಗಿಯೇ ಇರಲಿ. ಕವಲು ದಾರಿಗಳಲ್ಲಿ ಊರ ಹೆಸರು ಬರೆದ ಒಂದೊಂದು ಕಲ್ಲು ನೆಟ್ಟರೆ ಸಾಕು, ಶಾಲೆ ಮಕ್ಕಳೂ ಹೆದರಿಕೆಯಿಲ್ಲದೆ ಸೈಕಲ್ ಹೊಡೆಯಬಹುದು. ಖರ್ಚೂ ಹೆಚ್ಚಿಲ್ಲ. ಪಂಚಾಯ್ತಿಯವರ ಮುಂದೆ ಈ ಮಾತು ಇಡಬೇಕು ಅಂತಿದ್ದೇನೆ, ನೀನೂ ಬಂದು ಓಡಿಸಿ ನೋಡಿ ಹೇಳಿದರೆ ನನ್ನ ಮಾತಿಗೆ ಬಲ ಬರುತ್ತದೆ.

ಯಾವಾಗ ಬರಬೇಕು ಅಂದರೆ, ಸೆಪ್ಟೆಂಬರ್. ಗಾಂಧೀಜಿ 1934ರಲ್ಲಿ ಬಂದುಹೋದರು, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅಂದಿದ್ದರು ಅಂತ ಇಲ್ಲಿಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ಆ ಹೊತ್ತಿಗೆ ಬೆಟ್ಟ ಹಸಿರಾಗಿರುತ್ತದೆ. ಮಾರ್ಚ್ ಮುಗಿದ ಮೇಲೆ ಬರಬೇಡ, ಬೆಳಗ್ಗೆ ಒಂಬತ್ತಕ್ಕೇ ನೆಲ ಕಾದಿರುತ್ತದೆ.

ಬರುವಾಗ ಎರಡು ಟ್ಯೂಬ್, ಪಂಪು, ಚೈನ್ ಜೋಡಿಸುವ ಲಿಂಕ್ ತಗೊಂಡು ಬಾ, ನಿನ್ನ ಸೈಕಲ್ಲಿನ ಅಳತೆಯದು ಸಂಡೂರಿನ ಅಂಗಡಿಯಲ್ಲಿ ಸಿಗುವುದಿಲ್ಲ. ನೀರಿನ ಬಾಟಲಿ ಎರಡು ಸಾಲದು, ಮೂರು ಇರಲಿ. ರೊಟ್ಟಿ, ಶೇಂಗಾ ಚಟ್ನಿ ನಮ್ಮ ಮನೆಯಿಂದ ಕಟ್ಟಿಸಿಕೊಂಡು ಬರುತ್ತೇನೆ, ಅದರ ಚಿಂತೆ ಬಿಡು. ರಜೆ ಯಾವಾಗ ಸಿಗುತ್ತದೆ ಅಂತ ಈ ವಾರದೊಳಗೆ ತಿಳಿಸು, ಅರಣ್ಯ ಇಲಾಖೆಯಲ್ಲಿ ಅನುಮತಿಗೆ ಮೊದಲೇ ಅರ್ಜಿ ಕೊಡಬೇಕು.

ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಬಳ್ಳಾರಿಯ ಗೆಳೆಯ