ಕಡಸುಗಳ ಕೃತಕ ಗರ್ಭಧಾರಣೆ: ಮುಂದಿನ ತಿಂಗಳಿಂದ ಹೊಸ ಕ್ರಮ

ಸಂಘಕ್ಕೆ ಹಾಲು ಹಾಕುವ ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ 1ರಿಂದ ಕಡಸುಗಳನ್ನು ಅಳೆಯದೆ ನಮ್ಮಲ್ಲಿ ಕೃತಕ ಗರ್ಭಧಾರಣೆ ಮಾಡುವುದಿಲ್ಲ. ಮಿಶ್ರತಳಿಯ ಕಡಸು 250 ಕಿಲೋ ದಾಟಿರಬೇಕು. ದಾಟಿದ್ದರೂ ಮೈಕಟ್ಟು ಸಣ್ಣದಾಗಿದ್ದರೆ ಮೊದಲ ಸೂಲಿಗೆ ಸಣ್ಣ ತಳಿಯ ಜರ್ಸಿ ವೀರ್ಯ, ದೊಡ್ಡ ತಳಿಯ ಹೋಲ್‌ಸ್ಟೀನ್ ಫ್ರೀಸಿಯನ್ ಅಂದರೆ ಎಚ್‌.ಎಫ್‌. ಎರಡನೇ ಸೂಲಿಗೆ. ಸಕಲೇಶಪುರ ಕಡೆಯ ಮಲೆನಾಡು ಗಿಡ್ಡ ಹಸುಗಳಿಗೆ ಎಚ್‌.ಎಫ್‌. ಕೊಡುವುದೇ ಇಲ್ಲ, ಎಷ್ಟನೇ ಸೂಲಾದರೂ ಸರಿ.

ಬೆದೆಗೆ ಬಂದ ಮಾತ್ರಕ್ಕೆ ಕಡಸು ಬೆಳೆದಿದೆ ಎಂದಲ್ಲ. ಚೆನ್ನಾಗಿ ಮೇವು ತಿಂದದ್ದು ವರ್ಷ ತುಂಬುವಷ್ಟರಲ್ಲೇ ಬೆದೆ ತೋರಿಸಬಹುದು, ಆದರೆ ಸೊಂಟದ ಮೂಳೆ ಆಗಿನ್ನೂ ಕಿರಿದು. ಅದಕ್ಕೆ ದೊಡ್ಡ ತಳಿಯ ಹೋರಿಯ ಕರು ನಿಂತರೆ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಅಳತೆ ಮನೆಯಲ್ಲೇ ನೋಡಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಬಾಲದ ಪಕ್ಕದ ಮೂಳೆವರೆಗಿನ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. 60 ಇಂಚು ಸುತ್ತು, 50 ಇಂಚು ಉದ್ದವಿದ್ದರೆ ಸುಮಾರು 272 ಕಿಲೋ. ಹಗ್ಗದಲ್ಲಿ ಅಳೆದು ಗೇಣು ಲೆಕ್ಕ ಹೇಳಬೇಡಿ, ಸುತ್ತಳತೆಯಲ್ಲಿ ಎರಡು ಇಂಚು ತಪ್ಪಿದರೂ ಹದಿನೆಂಟು ಕಿಲೋ ಹೆಚ್ಚುಕಮ್ಮಿ.

ಗಬ್ಬ ನಿಂತ ಮೇಲೂ ತೊಂದರೆ ಬರುವುದುಂಟು. ಕೊನೆಯ ಎರಡು ತಿಂಗಳು ಹಿಂಡಿ ಸುರಿದರೆ ಹೆರಿಗೆ ದಾರಿಯಲ್ಲಿ ಕೊಬ್ಬು ಕೂಡುತ್ತದೆ. ಕರು ಸಣ್ಣದಾಗಲೆಂದು ಹೊಟ್ಟೆ ಕಟ್ಟಿದರೆ ಇನ್ನೂ ಕೆಟ್ಟದ್ದು, ಕರು ಅಷ್ಟೇನೂ ಕುಗ್ಗುವುದಿಲ್ಲ, ತಾಯಿಗೆ ಕರುವನ್ನು ಹೊರದೂಡುವ ಶಕ್ತಿ ಹೋಗುತ್ತದೆ. ಬೆನ್ನುಮೂಳೆ ಎದ್ದು ಕಾಣದ, ಕೊಬ್ಬೂ ಏರದ ಮೈ ಇರಲಿ.

ಈಯುವಾಗ ಮುಂಗಾಲೆರಡು, ಗೊರಸಿನ ತಳ ಕೆಳಮುಖವಾಗಿ, ಅವುಗಳ ಮೇಲೆ ಮೂತಿ ಕಂಡರೆ ಕರು ಸರಿಯಾಗಿದೆ. ಒಂದೇ ಕಾಲು, ಬಾಲ ಮಾತ್ರ, ಕಾಲಿದ್ದೂ ಮೂತಿ ಇಲ್ಲದಿರುವುದು, ಇವು ಎಳೆಯುವ ಹೊತ್ತಲ್ಲ. ತಳ ಮೇಲ್ಮುಖವಾಗಿದ್ದರೆ ಹಿಂಗಾಲಿರುವುದು ಹೆಚ್ಚು, ಆಗಲೂ ವೈದ್ಯರು ಬರಲಿ. ನಾಲ್ಕು ಜನ ಸೇರಿ ಹಗ್ಗ ಜಗ್ಗಿದರೆ ಗರ್ಭಕೋಶ ಹರಿಯಬಹುದು, ಹಸು ಏಳದೇ ಹೋಗಬಹುದು. ನೀರಿನ ಚೀಲ ಕಂಡು ಹಸುವಿಗೆ ಒಂದು ಗಂಟೆ, ಕಡಸಿಗೆ ಎರಡು ಗಂಟೆ ಕಳೆದರೂ ಕರು ಬರದಿದ್ದರೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಗಂಟೆಗಟ್ಟಲೆ ಚಡಪಡಿಸಿ, ಹೊಟ್ಟೆಗೆ ಒದೆಯುತ್ತಿದ್ದರೂ ಚೀಲವೇ ಕಾಣದಿದ್ದರೆ ಗರ್ಭಕೋಶ ತಿರುಚಿರಬಹುದು, ಅದಕ್ಕಂತೂ ಕಾಯಲೇಬೇಡಿ.

ಅಳತೆ ಟೇಪು ಹಾಲು ಅಳೆಯುವ ಮೇಜಿನ ಬಳಿ ಇದೆ. ಸಂಜೆ ಒಯ್ದದ್ದನ್ನು ಮರುದಿನ ಬೆಳಗಿನ ಹಾಲಿನ ಜೊತೆ ತಂದುಕೊಡಿ.

ಇಂತಿ,
ಹಾಲು ಉತ್ಪಾದಕರ ಸಹಕಾರ ಸಂಘ, ಹಾಸನ ಜಿಲ್ಲೆ