ಹೋಗುವಾಗಿನ ಸಮುದ್ರ ನೋಡಿ ಹೊರಡಬೇಡ

ಚಿ. ಮಲ್ಲುಗೆ ಕಾಕಾನ ಆಶೀರ್ವಾದಗಳು.

ಗೆಳೆಯರ ಜೊತೆ ಫೈಬರ್ ದೋಣಿಯಲ್ಲಿ ಕಾರವಾರದಿಂದ ಹೊನ್ನಾವರಕ್ಕೆ ಹೋಗಿ ಬರುತ್ತೀಯಂತೆ. ಏಪ್ರಿಲ್ ಎರಡನೇ ಶನಿವಾರ ಹೊರಟು ಭಾನುವಾರ ಸಂಜೆಯೊಳಗೆ ವಾಪಸ್ ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದರು, ನೀವಾದರೂ ಬೇಡ ಅನ್ನಿ ಅಂದರು. ನಾನು ಬೇಡ ಅನ್ನುವುದಿಲ್ಲ. ಕರಾವಳಿಯ ಹಡಗುಗಳಲ್ಲಿ ದುಡಿದೇ ಬದುಕು ಕಟ್ಟಿಕೊಂಡವನು ನಾನು, ಸಮುದ್ರಕ್ಕೆ ಹೋಗಬೇಡ ಅಂತ ನಿನಗೆ ಹೇಗೆ ಹೇಳಲಿ? ಆದರೆ ಹೋಗುವ ದಿನ, ಬರುವ ದಿನ ಎರಡನ್ನೂ ಈಗಲೇ ಕ್ಯಾಲೆಂಡರ್ ನೋಡಿ ಗೊತ್ತು ಮಾಡಿಬಿಟ್ಟಿದ್ದೀಯಲ್ಲ, ನನಗೆ ಭಯ ಅದರದ್ದೇ.

ನೀನು ದೋಣಿ ಕಲಿತದ್ದು ಆಲಮಟ್ಟಿ ಹಿನ್ನೀರಿನಲ್ಲಿ, ಬೀಳಗಿ ಕಡೆ. ಅಲ್ಲಿ ಅಲೆ ಏಳುವುದು ಅಲ್ಲೇ ಬೀಸುವ ಗಾಳಿಗೆ. ಗಾಳಿ ಬಿದ್ದರೆ ಸ್ವಲ್ಪ ಹೊತ್ತಿಗೆ ನೀರೂ ಸುಮ್ಮನಾಗುತ್ತದೆ. ಸಮುದ್ರಕ್ಕೆ ಆ ಲೆಕ್ಕ ನಡೆಯುವುದಿಲ್ಲ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಸಾವಿರಾರು ಕಿಲೋಮೀಟರ್ ದೂರದಲ್ಲಿ ಎಲ್ಲೋ ಬಿರುಗಾಳಿ ಎದ್ದರೆ ಅದರ ಸ್ವೆಲ್, ಅಂದರೆ ಅಲ್ಲಿ ಎದ್ದ ಉದ್ದನೆಯ ಅಲೆ, ದಿನಗಟ್ಟಲೆ ನಡೆದು ನಮ್ಮ ಕರಾವಳಿಗೆ ಬಂದು ಮುಟ್ಟುತ್ತದೆ. ಇಲ್ಲಿ ಆಕಾಶ ನೀಲಿ, ಒಂದು ಎಲೆಯೂ ಅಲ್ಲಾಡುತ್ತಿರುವುದಿಲ್ಲ, ದಡದಲ್ಲಿ ಮಾತ್ರ ಅಲೆ ಅಬ್ಬರಿಸುತ್ತಿರುತ್ತದೆ. ಕೇರಳದವರು ಕಲ್ಲಕ್ಕಡಲ್ ಅನ್ನುವುದು ಇದಕ್ಕೇ, ಏಪ್ರಿಲ್ ಮೇ ತಿಂಗಳಲ್ಲಿ ಇದರ ಕಾಟ ಜಾಸ್ತಿ. ಅಂದರೆ ನೀನು ಹೊರಡಬೇಕು ಅಂದಿರುವ ಹೊತ್ತಿಗೇ.

ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದಿನವೂ ಅಲೆ, ಸ್ವೆಲ್, ಗಾಳಿಯ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಬೇರೆಯೇ ಎಚ್ಚರಿಕೆ ಹೊರಡಿಸುತ್ತದೆ. ಎರಡನ್ನೂ ನೋಡು, ಹೊರಡುವ ದಿನ ಮಾತ್ರ ಅಲ್ಲ, ಮೂರು ನಾಲ್ಕು ದಿನ ಮೊದಲಿನಿಂದಲೇ ನೋಡುತ್ತಾ ಬಾ. ಶನಿವಾರದ ಬಗ್ಗೆ ಬುಧವಾರ ಒಂದು, ಗುರುವಾರ ಇನ್ನೊಂದು ಹೇಳುತ್ತಿದ್ದರೆ ಆ ಶನಿವಾರವನ್ನು ನಂಬಬೇಡ. ಅಲೆಯ ಎತ್ತರ 1.5 ಮೀಟರ್ ಅಂತ ಬರೆದಿದ್ದರೆ ಅದಕ್ಕಿಂತ ದೊಡ್ಡದು ಬರಲ್ಲ ಅಂತ ಅರ್ಥ ಅಲ್ಲ. ಬರುವ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಭಾಗದ ಸರಾಸರಿ ಅದು. ನಡುವೆ ಒಂದು ಅಲೆ ಅದರ ಹತ್ತಿರ ಹತ್ತಿರ ಎರಡು ಪಟ್ಟು ಬಂದರೂ ಬಂತೇ. ಎತ್ತರದ ಪಕ್ಕದಲ್ಲಿ ಸೆಕೆಂಡಿನ ಲೆಕ್ಕವೂ ಇರುತ್ತದೆ, ಒಂದು ಅಲೆಗೂ ಮುಂದಿನದಕ್ಕೂ ಇರುವ ಅಂತರ ಅದು. 6 ಸೆಕೆಂಡಿನ ಅಲೆ ಕಡಿದಾಗಿ ಬಂದು ದೋಣಿಯನ್ನು ಕುಟ್ಟುತ್ತದೆ. 14 ಸೆಕೆಂಡಿನದು ಆಳ ನೀರಿನಲ್ಲಿ ಮೆಲ್ಲಗೆ ಎತ್ತಿ ಇಳಿಸುತ್ತದೆ, ಗೊತ್ತೇ ಆಗುವುದಿಲ್ಲ. ಆದರೆ ಸಮುದ್ರದ ತಳ ಮೇಲೆ ಬಂದು ನೀರು ಕಡಿಮೆಯಾದ ಕಡೆ ಎದ್ದು ನಿಂತು ಒಡೆಯುವುದು ಅದೇ.

ಈಗ ಗಾಳಿಯ ವಿಷಯ. ಆ ತಿಂಗಳಲ್ಲಿ ಸಾಮಾನ್ಯವಾಗಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಸಣ್ಣ ಗಾಳಿ, ನೀರು ಕನ್ನಡಿ. ನೆಲ ಕಾದ ಮೇಲೆ ಮಧ್ಯಾಹ್ನ ವಾಯವ್ಯದಿಂದ ಸಮುದ್ರದ ಗಾಳಿ ಎದ್ದು ಸಂಜೆವರೆಗೂ ಬೀಸುತ್ತದೆ. ಕಾರವಾರದಿಂದ ಹೊನ್ನಾವರ ದಕ್ಷಿಣಕ್ಕೆ, ನೇರ ದಾರಿಯಲ್ಲೇ 65 ಕಿಲೋಮೀಟರಿಗೂ ಜಾಸ್ತಿ. ಹೋಗುವಾಗ ಗಾಳಿ ಬೆನ್ನಿಗೆ. 15 ನಾಟ್ ಗಾಳಿಯಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ನೀನು 10 ನಾಟ್ ವೇಗದಲ್ಲಿ ಹೋಗುತ್ತಿದ್ದರೆ ಮೈಗೆ ತಾಗುವುದು 5 ನಾಟ್ ಅಷ್ಟೆ. ಸೆಕೆ ಆಗುತ್ತದೆ, ಅಂಗಿ ಬಿಚ್ಚಿ ಕೂರುತ್ತೀರಿ, ಏನು ಚಂದ ಇದೆ ಅನ್ನಿಸುತ್ತದೆ. ಅದೇ ಗಾಳಿಗೆ ದೋಣಿ ತಿರುಗಿಸಿದರೆ 25 ನಾಟ್ ಮುಖಕ್ಕೆ ಬಡಿಯುತ್ತದೆ, ಪ್ರತಿ ಅಲೆಗೂ ನೀರು ಒಳಗೆ ಹಾರುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ, ಪೆಟ್ರೋಲ್ ಸುಮ್ನೆ ಉರಿದು ಹೋಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಭಾನುವಾರದ ಮುನ್ಸೂಚನೆ ನೋಡಿ ಶನಿವಾರ ಹೊರಡು. ಹೋಗುವಾಗ ಗಂಟೆಗೊಮ್ಮೆ ದೋಣಿ ತಿರುಗಿಸಿ ಐದು ನಿಮಿಷ ಗಾಳಿಗೆ ಎದುರು ಓಡಿಸಿ ನೋಡು, ಅಲ್ಲೇ ಗೊತ್ತಾಗುತ್ತದೆ. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಾಳಿ 10 ನಾಟ್ ಆಸುಪಾಸಿನಲ್ಲಿದೆ ಅಂತ ತಿಳಿ. ಎಲ್ಲ ಕಡೆ ಬೆಳ್ಳಗೆ ಆದರೆ 15ರ ಆಸುಪಾಸು, ನಿನ್ನಂಥ ಚಿಕ್ಕ ದೋಣಿಗೆ ಅದು ಸಾಕಾಯಿತು.

ಇನ್ನು ಹೊನ್ನಾವರದ ಅಳಿವೆ. ಮಲ್ಲು, ಈ ಮಾತನ್ನು ಎರಡು ಸಲ ಓದು. ಶರಾವತಿ ಸಮುದ್ರ ಸೇರುವ ಬಾಯಲ್ಲಿ ಮರಳಿನ ದಿಬ್ಬ ಇದೆ, ಅದು ಒಂದೇ ಕಡೆ ನಿಲ್ಲುವುದಿಲ್ಲ, ಮಳೆಗಾಲ ಕಳೆದರೆ ದಾರಿಯೇ ಬದಲಾಗಿರುತ್ತದೆ. ಇಳಿತದ ಹೊತ್ತಿನಲ್ಲಿ ನದಿ ನೀರು ಹೊರಕ್ಕೆ ನುಗ್ಗುತ್ತದೆ, ಸ್ವೆಲ್ ಒಳಕ್ಕೆ ಬರುತ್ತದೆ. ಎರಡೂ ಎದುರುಬದುರಾದ ಜಾಗದಲ್ಲಿ ಅಲೆ ಗೋಡೆಯ ಹಾಗೆ ನಿಲ್ಲುತ್ತದೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ಇಳಿತದ ಸೆಳೆತ ಇನ್ನೂ ಜೋರು. ಮೋಸ ಎಲ್ಲಿದೆ ಅಂದರೆ, ದಡದಲ್ಲಿ ನಿಂತವನಿಗೆ ನೊರೆ ಕಾಣುತ್ತದೆ, ಸಮುದ್ರದಿಂದ ಬರುವ ನಿನಗೆ ಕಾಣುವುದು ಅಲೆಯ ಬೆನ್ನು ಮಾತ್ರ. ನುಣ್ಣಗೆ ಇರುತ್ತದೆ. ದಾರಿ ಸಲೀಸು ಅಂತ ನುಗ್ಗಿದರೆ ನಡುಮಧ್ಯದಲ್ಲಿ ಹಿಂದಿನಿಂದ ಬಂದ ಅಲೆ ದೋಣಿಯನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ಹೊರಗೇ ನಿಲ್ಲು, ಎಂಜಿನ್ ಆರಿಸಬೇಡ, ಕಾಲು ಗಂಟೆಯಾದರೂ ನೋಡು. ದೊಡ್ಡ ಅಲೆಗಳು ಗುಂಪಾಗಿ ಬಂದು ಹೋಗುತ್ತವೆ, ನಡುವಿನ ಶಾಂತಿ ನೋಡಿ ಮೋಸ ಹೋಗಬೇಡ. ಉಬ್ಬರದ ಕೊನೆಯ ಹೊತ್ತಿಗೆ, ಅಲ್ಲಿನ ಮೀನುಗಾರರ ದೋಣಿ ಒಳಗೆ ಹೋಗುವಾಗ ಅದರ ಜಾಡು ಹಿಡಿದು ಹೋಗು. ಯಾರೂ ಹೋಗುತ್ತಿಲ್ಲ ಅಂದರೆ ನೀನೂ ಹೋಗಬೇಡ.

ಹಾಗಾದರೆ ಎಲ್ಲಿಗೆ ಹೋಗುವುದು, ಅಲ್ವಾ? ಅದನ್ನು ಹೊರಡುವ ಮೊದಲೇ ಯೋಚಿಸಿರಬೇಕು. ಮೊದಲ ಸಲ ಹೊನ್ನಾವರವೇ ಯಾಕೆ ಬೇಕು? ಬೇಲೆಕೇರಿ ಕೊಲ್ಲಿವರೆಗೆ ಹೋಗಿ, ಊಟ ಮಾಡಿ, ಮಾರನೇ ದಿನ ನಸುಕಿನಲ್ಲೇ ಹೊರಟು ಗಾಳಿ ಏಳುವ ಮೊದಲು ವಾಪಸ್ ಬನ್ನಿ. ಭಾನುವಾರ ಗಾಳಿ ಬಿಡಲಿಲ್ಲವೋ, ದೋಣಿಯನ್ನು ಬಂದರಿನಲ್ಲಿ ಕಟ್ಟಿ ಬಸ್ಸಿಗೆ ಬಾ. ಸೋಮವಾರ ಆಫೀಸು ಅಂತ ಸಂಜೆ ಸಮುದ್ರಕ್ಕೆ ಇಳಿಯಬೇಡ. ರಜೆ ಬೇಕಾದರೆ ನನಗೆ ಹುಷಾರಿಲ್ಲ ಅಂತ ಹೇಳು.

ಬೈತಖೋಲ ಬಂದರಿಗೆ ಹಿಂದಿನ ಸಂಜೆ ಹೋಗಿ ತಾಂಡೇಲರನ್ನು, ಅಂದರೆ ಮೀನುಗಾರಿಕೆ ದೋಣಿ ನಡೆಸುವವರನ್ನು, ಕೇಳು. ನಾಳೆ ಹೇಗಿದೆ ಅಂತ ಕೇಳಬೇಡ, ನೀವು ನಾಳೆ ಹೋಗುತ್ತೀರಾ ಅಂತ ಕೇಳು. ನೌಕಾನೆಲೆಯ ನೀರಿಗೆ ಹೋಗುವಂತಿಲ್ಲ, ಎಷ್ಟು ದೂರ ಇರಬೇಕು ಅಂತ ಬಂದರು ಕಚೇರಿಯಲ್ಲಿ ತಿಳಿದುಕೋ. ಘಟ್ಟದ ಮೇಲೆ ಮಧ್ಯಾಹ್ನ ಕಪ್ಪು ಮೋಡ ಗೋಪುರದಂತೆ ಏರುತ್ತಿದ್ದರೆ ಗುಡುಗು ಗಾಳಿ ಸಂಜೆ ಸಮುದ್ರಕ್ಕೂ ಇಳಿಯಬಹುದು, ದಡ ಸೇರು. ಅರಬ್ಬಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದರಂತೂ ಮಾತೇ ಬೇಡ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕದಲ್ಲೇ ಹಾದುಹೋಗಿ ಏನು ಮಾಡಿತು ಅಂತ ನೋಡಿದ್ದೇವೆ.

ಲೈಫ್ ಜಾಕೆಟ್ ಎಲ್ಲರೂ ಹಾಕಿಕೊಂಡೇ ಕೂರಬೇಕು. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದು ಮಳೆಗಾಲವೂ ಅಲ್ಲ, ದೂರದ ಸಮುದ್ರವೂ ಅಲ್ಲ. ಪೆಟ್ರೋಲ್ ಮೂರು ಪಾಲು ಮಾಡು, ಹೋಗಲು ಒಂದು, ಬರಲು ಒಂದು, ಮೂರನೆಯದನ್ನು ಮುಟ್ಟಬೇಡ. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಪೊಲೀಸರದು 1093. ಎಲ್ಲರ ಫೋನಿನಲ್ಲೂ ಹಾಕಿಸು.

ಶುಕ್ರವಾರ ರಾತ್ರಿ ಎರಡೂ ದಿನದ ಗಾಳಿ, ಸ್ವೆಲ್, ಉಬ್ಬರ ಇಳಿತದ ಹೊತ್ತು ಮೂರನ್ನೂ ನನಗೆ ವಾಟ್ಸಾಪ್ ಮಾಡು. ಎಷ್ಟು ಹೊತ್ತಾದರೂ ಎಚ್ಚರ ಇರುತ್ತೇನೆ. ಇಬ್ಬರೂ ಕೂತು ನೋಡೋಣ, ಆಮೇಲೆ ನಿಮ್ಮವ್ವನಿಗೆ ನಾನೇ ಹೇಳುತ್ತೇನೆ.

ನಿನ್ನ ಕಾಕಾ,
ನವನಗರ, ಬಾಗಲಕೋಟೆ