ಏಳನೇ ಪುಟದ ಶಟರ್

ಪುಟ್ಟೀ,

ಸಂಜೆ ನೀನು ಬಾಗಿಲು ಧಡಾರನೆ ಹಾಕಿಕೊಂಡು ಮಲಗಿದೆ. ತಪ್ಪು ನಿನ್ನದಲ್ಲ. ಮೂರು ತಿಂಗಳು ಕೂತು ಬಿಡಿಸಿದ ಚಿತ್ರಕತೆ ಓದಿ ಮುಗಿಸಿ, ಅಪ್ಪ "ಊಟ ಆಯ್ತಾ?" ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನಾಳೆ ರಾತ್ರಿ ನಿನ್ನ ವಿಮಾನ. ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಇದನ್ನು ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಡಬ್ಬದ ಕೆಳಗೆ ಇಡುತ್ತೇನೆ.

ಚಿತ್ರ ಚೆನ್ನಾಗಿಲ್ಲ ಅಂತ ಅಲ್ಲ. ಮಾಟುಂಗಾದ ಆ ಹೋಟೆಲಿನ ಗಲ್ಲಾ, ಅದರ ಮೇಲಿನ ಸೋಂಪಿನ ಬಟ್ಟಲು, ಎಲ್ಲ ಇದ್ದ ಹಾಗೇ ಬಂದಿದೆ. ನೀನು ನೋಡಿದ್ದಲ್ಲ, ನನ್ನ ಬಾಯಿಂದ ಕೇಳಿದ್ದು. ಅದೇ ತೊಂದರೆ. ಏಳನೇ ಪುಟದಲ್ಲಿ ನಾನು ಶಟರ್ ಎತ್ತಿ ಪಾವ್‌ವಾಲಾನನ್ನು ಒಳಗೆ ಎಳೆದುಕೊಳ್ಳುತ್ತೇನೆ. ಹಾಗೆ ಆಗಲಿಲ್ಲ, ಮಗಾ.

1993ರ ಜನವರಿ. ಮುಂಬೈ ತುಂಬ ಹಿಂದೂ-ಮುಸ್ಲಿಂ ಗಲಭೆ. ಹೋಟೆಲ್ ಬಂದ್. ಒಳಗೆ ನಾವು ಒಂಬತ್ತು ಹುಡುಗರು. ಬೆಳಗಿನ ಜಾವ ಯಾರೋ ಶಟರ್ ತಟ್ಟಿದರು. ಒಂದು ಗೇಣು ಎತ್ತಿದೆ. ಮೊದಲು ಸೈಕಲ್ ಚಕ್ರ ಕಂಡಿತು, ಆಮೇಲೆ ಅವನ ಚಪ್ಪಲಿ. ಬಗ್ಗಿ, ಆ ಸಂದಿನಲ್ಲೇ ಲಾದಿ ಪಾವ್, ಅಂದರೆ ಒಂದಕ್ಕೊಂದು ಅಂಟಿಕೊಂಡ ಪಾವ್‌ಗಳ ಹಲಗೆ, ಒಂದೊಂದಾಗಿ ತಳ್ಳಿದ. ಎಣಿಸಿಕೊಂಡೆ. ಹನ್ನೆರಡು ಲಾದಿ. ಇನ್ನೂ ಬಿಸಿ ಇತ್ತು. "ಭಾಯ್, ಥೋಡಾ ಅಂದರ್ ಆನೇ ದೋ" ಅಂದ, ಸ್ವಲ್ಪ ಒಳಗೆ ಬಿಡು ಅಂತ. ದುಡ್ಡು ನಾಳೆ ತಗೋ ಅಂದೆ. ಅವನು ಕೇಳಿದ್ದು ದುಡ್ಡಲ್ಲ. ಶಟರ್ ಎಳೆದೆ. ಕೊನೇ ಲಾದಿ ಅದರ ಅಡಿಗೆ ಸಿಕ್ಕಿಕೊಂಡಿತು. ಕಾಲಲ್ಲಿ ಒಳಗೆ ಎಳೆದುಕೊಂಡು ಬೀಗ ಹಾಕಿದೆ. ಆಮೇಲೆ ಎಲ್ಲರೂ ಚಹಾದಲ್ಲಿ ಅದ್ದಿ ತಿಂದೆವು. ನಾನೂ ತಿಂದೆ.

ಅವನು ಮತ್ತೆ ಬರಲಿಲ್ಲ. ಊರಿಗೆ ಹೋಗಿರಬಹುದು, ಬೇರೆ ಲೈನ್ ಹಿಡಿದಿರಬಹುದು. ಆ ಡಿಸೆಂಬರ್, ಜನವರಿ ಎರಡೂ ಸೇರಿ 900 ಜನ ಸತ್ತರು ಅಂತ 1998ರಲ್ಲಿ ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗದ ವರದಿ ಬಂತು. ಪೇಪರಿನಲ್ಲಿ ಅದನ್ನು ಓದಿದ ದಿನ ಎರಡು ಗಿರಾಕಿಗಳಿಗೆ ಚಿಲ್ಲರೆ ತಪ್ಪು ಕೊಟ್ಟೆ. ಹನ್ನೆರಡು ಲಾದಿಯ ದುಡ್ಡು ಇನ್ನೂ ಬಾಕಿ.

ನಿನಗೆ ಐದು ವರ್ಷ ಇದ್ದಾಗ ಕತೆ ಹೇಳು ಅಂತ ಹಟ ಹಿಡಿದೆ. ಶಟರ್ ಎತ್ತಿಬಿಟ್ಟೆ. ನೀನು ಚಪ್ಪಾಳೆ ತಟ್ಟಿದೆ. ಆಮೇಲೆ ಇಳಿಸಲು ಆಗಲೇ ಇಲ್ಲ.

ನೀನೇ ಕೊಟ್ಟಿದ್ದೆಯಲ್ಲ, 'ಮೌಸ್' ಅನ್ನೋ ಚಿತ್ರಕತೆ ಪುಸ್ತಕ. ಯಹೂದಿಗಳು ಇಲಿ, ನಾಜಿಗಳು ಬೆಕ್ಕು. ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ನಿಂದ ಬದುಕಿ ಬಂದ ಅಪ್ಪ, ಹೆಂಡತಿಯ ಡೈರಿಗಳನ್ನು ಸುಟ್ಟಿರುತ್ತಾನೆ. ಮಗ ಸ್ಪೀಗೆಲ್‌ಮನ್ ಅದನ್ನೂ ಬಿಡಿಸಿದ, ಅಪ್ಪನ ಜಿಪುಣತನವನ್ನೂ ಬಿಡಲಿಲ್ಲ. ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದದ್ದು 1992ರಲ್ಲಿ, ನಮ್ಮ ಮುಂಬೈ ಹೊತ್ತಿಕೊಂಡ ವರ್ಷವೇ. ಎಂಥ ಮರ್ಯಾದೆಗೆಟ್ಟ ಮಗ ಅಂತ ನಾನು ಬೈದಿದ್ದೆ. ಈಗ ನೋಡಿದರೆ ಆ ಅಪ್ಪನೇ ವಾಸಿ. ಮೊದಲು ನುಣುಚಿಕೊಂಡರೂ ಕೊನೆಗೆ ಒಪ್ಪಿಕೊಂಡ.

ಬ್ರಸೆಲ್ಸ್‌ನಲ್ಲಿ ಪಾಸ್‌ಪೋರ್ಟ್ ಹುಷಾರು. ಅದರ ಜೆರಾಕ್ಸ್ ಬೇರೆ ಬ್ಯಾಗಲ್ಲಿ ಇರಲಿ. ಮೆರವಣಿಗೆ, ಗಲಾಟೆ ಇದ್ದ ಕಡೆ ಹೋಗಬೇಡ. ಯಾರು ಏನೇ ಕೂಗಲಿ, ಬಾಗಿಲು ಹಾಕಿಕೊಂಡು ಒಳಗಿರು. ಬರೆದ ಮೇಲೆ ಇದನ್ನು ಓದಿ ನೋಡಿದೆ. ಹೊಡೆದು ಹಾಕೋಣ ಅನ್ನಿಸಿತು. ಇರಲಿ, ನಿನ್ನ ಅಪ್ಪ ಅಲ್ವಾ.

'ಪರ್ಸೆಪೊಲಿಸ್' ಪುಸ್ತಕದಲ್ಲಿ, 14 ವರ್ಷದ ಹುಡುಗಿ ಟೆಹರಾನ್ ಬಿಟ್ಟು ವಿಯೆನ್ನಾಕ್ಕೆ ಹೊರಡುವಾಗ ತಿರುಗಿ ನೋಡಿದರೆ ಅಮ್ಮ ಮೂರ್ಛೆ ಹೋಗಿರುತ್ತಾಳೆ. ನಾಳೆ ನೀನು ತಿರುಗಿ ನೋಡಬೇಡ. ನಿನ್ನ ಅಮ್ಮ ಗಟ್ಟಿ. ನನ್ನದು ಹೇಳಲಾರೆ.

ಏಳನೇ ಪುಟ ಏನು ಮಾಡಬೇಕೋ ನಿನಗೆ ಬಿಟ್ಟದ್ದು. ಒಂದು ಮಾತ್ರ ಸರಿ ಮಾಡು. ಅವನಿಗೆ ಗಡ್ಡ ಹಾಕಿದ್ದೀಯ. ಅವನಿಗಿನ್ನೂ ಮೀಸೆಯೇ ಸರಿಯಾಗಿ ಬಂದಿರಲಿಲ್ಲ. ನೀಲಿ ಸ್ವೆಟರ್ ಹಾಕಿದ್ದ, ಒಂದು ತೋಳು ಬಿಚ್ಚಿಹೋಗಿತ್ತು.

ನಿನ್ನ ಅಪ್ಪ